ಅಣಬೆಯ ಹೆಸರಿನ ಹೊಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಈ ಒಂದು ವಿಷಯದಲ್ಲಿ ಅದು ಅಲ್ಲಿಂದ ಇಳಿಯುವುದು ನನಗೇ ಬೇಡ. ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೊಂದು ಅಣಬೆಯ ಚಿತ್ರ. ಅದು ನನ್ನ ಮತ್ತು ನನ್ನ ಅಕ್ಕನ ನಡುವೆ ಬಂದು ಕೂತಿದೆ, ಏಳುತ್ತಿಲ್ಲ.

ಅಕ್ಕ ಮತ್ತು ಭಾವ ಇರುವುದು ಅಬುಧಾಬಿಯ ಬನಿಯಾಸ್‌ನಲ್ಲಿ. ನಾನು ದುಬೈಯ ಜುಮೇರಾ ಲೇಕ್ಸ್ ಟವರ್ಸ್‌ನಲ್ಲಿ, ಹಡಗಿನ ಸರಕು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಅವಳು ವಾರಕ್ಕೆ ಮೂರು ಸಲ ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗಿ ಬರುತ್ತಾಳೆ. ಬಾಳೆಹಣ್ಣು ತಿನ್ನುವ ಹಾಗಿಲ್ಲ, ಎಳನೀರು ಕುಡಿಯುವ ಹಾಗಿಲ್ಲ, ಬಾಯಾರಿದರೆ ನೀರನ್ನೂ ಅಳೆದು ಕುಡಿಯಬೇಕು. ಕಿಡ್ನಿ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರು ಕೇಳಿದಾಗ, ಅವರು ವಾಕ್ಯ ಮುಗಿಸುವ ಮೊದಲೇ ನಾನು ಇದ್ದೇನೆ ಎಂದಿದ್ದೆ. ರಕ್ತ ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಅಡ್ಡ ಬಂದದ್ದು ಒಂದೇ: ನನ್ನ ಸಿಗರೇಟು.

"ಪೂರ್ತಿ ಬಿಡಬೇಕು," ಎಂದರು ಡಾಕ್ಟರು. "ಒಂದು ದಮ್ಮೂ ಇಲ್ಲ. ಆಪರೇಷನ್‌ಗೆ ಮೊದಲು ನಿಕೋಟಿನ್‌ಗಾಗಿ ಮೂತ್ರ ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಸಿಕ್ಕಿದರೆ ಆಪರೇಷನ್ ಇಲ್ಲ."

ಹೊರಗೆ ಬಂದ ಮೇಲೆ ಅಕ್ಕ ಕೇಳಿದಳು, "ನಿನ್ನಿಂದ ಆಗ್ತದಾ?"

"ಎಂತ ಕೇಳುದು ಅಕ್ಕ ನೀನು? ಇದಕ್ಕೂ ಆಗದಿದ್ದರೆ ನಾನು ಮನುಷ್ಯನಾ?" ಎಂದು ರೇಗಿದೆ.

ರೇಗುವುದು ಸುಲಭ. ಕಾಲೇಜಿನ ದಿನಗಳಿಂದ ಹಿಡಿದ ಚಟ ಅದು. ಏಲಕ್ಕಿ ಜಗಿದೆ, ಸೋಂಪು ಜಗಿದೆ, ಫಾರ್ಮಸಿಯ ಚೂಯಿಂಗ್ ಗಮ್ ಜಗಿದೆ. ಮೂರನೆಯ ದಿನಕ್ಕೆ ಟವರಿನ ಹಿಂದೆ ನಿಂತು ಯಾರದೋ ಪ್ಯಾಕೆಟ್ಟಿಗೆ ಕೈಚಾಚಿದೆ. ಹೀಗಿರುವಾಗ ನಮ್ಮ ಊರಿನವರ ಸಂಘದ ಪಿಕ್‌ನಿಕ್ ಬಂತು.

ಚಳಿಗಾಲದಲ್ಲಿ ಇಲ್ಲಿಯ ಪಾರ್ಕುಗಳಲ್ಲಿ ಇಂಥವು ವಾರಕ್ಕೊಂದು ನಡೆಯುತ್ತವೆ. ಹಗ್ಗಜಗ್ಗಾಟ, ಲಿಂಬೆ-ಚಮಚ ಓಟ, ನೀರುದೋಸೆ, ಕೋಳಿ ಸಾರು. ಬದಿಯಲ್ಲಿ ಮೇಜು ಹಾಕಿಕೊಂಡು ಮಾರುವವರು: ಮನೆಯಲ್ಲೇ ಮಾಡಿದ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸೀರೆ, ಇನ್ಶೂರೆನ್ಸು. ಅಂಥ ಒಂದು ಮೇಜಿನ ಹಿಂದೆ, ನಗುನಗುತ್ತ, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅವನು ನಿಂತಿದ್ದ.

"ಅಣ್ಣಾ, ಇದು ಮಶ್ರೂಮ್ ವೇಪ್. ಬ್ಯಾಟರಿಯಲ್ಲಿ ಕಾದು ಆವಿ ಬರ್ತದೆ, ಸಿಗರೇಟಿನ ಹಾಗೆ ಎಳೆದರಾಯ್ತು. ಅಣಬೆಯ ಸತ್ವ ಮಾತ್ರ. ನಿಕೋಟಿನ್ ಜೀರೋ. ಸಿಗರೇಟು ಬಿಡ್ಲಿಕ್ಕೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ತಲೆ ಚುರುಕು ಮಾಡ್ತದೆ, ಶ್ವಾಸಕೋಶ ಕ್ಲೀನ್ ಮಾಡ್ತದೆ."

ಆಗ ನಾನು ಕೇಳಿದ್ದೇನು? ಒಳಗೆ ಏನಿದೆ ಎಂದಲ್ಲ. ಎಲ್ಲಿ ತಯಾರಾದದ್ದು, ಯಾರು ಪರೀಕ್ಷೆ ಮಾಡಿದ್ದು ಎಂದಲ್ಲ. "ನೀವು ಯಾವ ಊರು? ಯಾರ ಮನೆ?" ಎಂದು ಕೇಳಿದೆ. ಪರದೇಶದಲ್ಲಿ ನಮ್ಮವರ ರೀತಿಯೇ ಹೀಗೆ. ಎದುರಿಗಿದ್ದವನ ಊರು, ಮನೆ, ಸೋದರಮಾವನ ಹೆಸರು ತಿಳಿಯುವವರೆಗೆ ಅವನು ಅನ್ಯ; ತಿಳಿದ ಮೇಲೆ ಅವನು ಕೊಟ್ಟದ್ದೆಲ್ಲ ಪ್ರಸಾದ. ಕೆದಕಿದಾಗ ಅವನ ದೊಡ್ಡಮ್ಮ ನನಗೆ ಮೂರನೆಯ ಕ್ಲಾಸಿನಲ್ಲಿ ಮಗ್ಗಿ ಕಲಿಸಿದ ಟೀಚರ್ ಎಂದು ಗೊತ್ತಾಯಿತು. ಆಯಿತಲ್ಲ! ಅಷ್ಟು ಒಳ್ಳೆಯ ಟೀಚರಿನ ಮನೆಯವನು ಮೋಸ ಮಾಡುತ್ತಾನೆಯೇ? ನಾನು ಪೆಟ್ಟಿಗೆಯನ್ನು ತಿರುಗಿಸಿಯೂ ನೋಡಲಿಲ್ಲ.

ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ನನ್ನ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊದಲ ಗುಡುಗಿಗೆ ಹುತ್ತದ ಬದಿಯಲ್ಲಿ ಅಣಬೆ ಎದ್ದರೆ ಒಂದೊಂದನ್ನೂ ಮಗುಚಿ, ಕಾಂಡ ಮುರಿದು, ಮೂಸಿ ನೋಡಿದ ಮೇಲೆಯೇ ಪಾತ್ರೆಗೆ ಹಾಕುತ್ತಿದ್ದಳು. ಸ್ವಲ್ಪ ಸಂಶಯ ಬಂದರೂ ತೆಂಗಿನ ಬುಡಕ್ಕೆ ಎಸೆಯುತ್ತಿದ್ದಳು, ತಂದುಕೊಟ್ಟವರು ಎಷ್ಟೇ ಹತ್ತಿರದವರಾದರೂ. ಅವಳ ಮಗ ಟೈ ಕಟ್ಟಿಕೊಂಡು, ಕಣ್ಣಿಗೆ ಕಾಣದ ಅಣಬೆಯನ್ನು ಉಸಿರಿನೊಳಗೆ ಎಳೆದುಕೊಂಡ.

ಅದು ಕೆಲಸ ಮಾಡಿತು ಎನ್ನುವುದೇ ದೊಡ್ಡ ಅನ್ಯಾಯ. ಮೊದಲ ದಿನದಿಂದಲೇ ಸಿಗರೇಟಿನ ಕಡೆ ಮನಸ್ಸು ಹೋಗಲಿಲ್ಲ. ಊಟವಾದ ಮೇಲೆ ಒಂದೆರಡು ಎಳೆತ, ಮೀಟಿಂಗ್ ಮುಗಿದರೆ ಒಂದೆರಡು. ಮಾವಿನ ಪರಿಮಳದ ಆವಿ. ಶೀತವಾದಾಗ ಅಮ್ಮ ಕಂಬಳಿ ಹೊದಿಸಿ ತುಳಸಿ ನೀರಿನ ಆವಿ ಕೊಡುತ್ತಿದ್ದಳಲ್ಲ, ಇದೂ ಹಾಗೇ ಎಂದುಕೊಂಡೆ. ಅಕ್ಕನ ಮಗಳು ಒಮ್ಮೆ ನೋಡಿ, "ಮಾಮ, ಇಟ್ಸ್ ಜಸ್ಟ್ ಅ ವೇಪ್," ಎಂದಳು. "ಇದು ಆಯುರ್ವೇದದ ಹಾಗೆ ಮಗಾ," ಎಂದು ಅವಳ ಬಾಯಿ ಮುಚ್ಚಿಸಿದೆ. ಅಕ್ಕನಿಗಂತೂ ಹಿಗ್ಗೋ ಹಿಗ್ಗು. ಫೋನಿನಲ್ಲಿ ಊರಿಗೆಲ್ಲ ಸಾರಿದಳು, ತಮ್ಮ ತನಗಾಗಿ ಸಿಗರೇಟು ಬಿಟ್ಟ ಎಂದು. ಆಪರೇಷನ್‌ಗೆ ದಿನ ನಿಗದಿಯಾಯಿತು.

ಆ ವಾರ ಮೂತ್ರ ಪರೀಕ್ಷೆ ಮಾಡಿದರು. ನಿಕೋಟಿನ್ ಇತ್ತು. ಸ್ವಲ್ಪವಲ್ಲ, ದಿನವೂ ಸೇದುವವನಲ್ಲಿ ಇರುವಷ್ಟು.

ಡಾಕ್ಟರು ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತಗೆ ಹೇಳಿದರು, "ಕೊಡಲು ಮನಸ್ಸಿಲ್ಲದಿದ್ದರೆ ಹೇಳಿ. ಯಾವುದೋ ವೈದ್ಯಕೀಯ ಕಾರಣ ಎಂದು ಮನೆಯವರಿಗೆ ತಿಳಿಸುತ್ತೇವೆ. ಇದು ತುಂಬ ಜನರಿಗೆ ಆಗುತ್ತದೆ."

"ನಾನು ಸಿಗರೇಟು ಮುಟ್ಟಿಲ್ಲ!" ಎಂದು ಕಿರುಚಿದೆ. ಹೊರಗಿನ ನರ್ಸು ಬಾಗಿಲು ತೆರೆದು ನೋಡುವಷ್ಟು ಜೋರಾಗಿ.

"ಬೇರೆ ಏನಾದರೂ ಸೇದುತ್ತೀರಾ?"

ಜೇಬಿನಿಂದ ಆ ಕೊಳವೆ ತೆಗೆದು ಅವರ ಮೇಜಿನ ಮೇಲಿಟ್ಟೆ, ಹೆಮ್ಮೆಯಿಂದಲೇ. ಅವರು ಕನ್ನಡಕ ಸರಿಮಾಡಿಕೊಂಡು ಅದರ ಮೇಲಿನ ಅಕ್ಷರಗಳನ್ನು ಓದಿ, ನಿಟ್ಟುಸಿರು ಬಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅಣಬೆಯಲ್ಲಿ ಒಳ್ಳೆಯದು ಎನ್ನುವ ಅಂಶ ಬಹಳ ಭಾರದ ವಸ್ತು. ಅದು ಹೀಗೆ ಆವಿಯಾಗಿ ಏಳುವುದಿಲ್ಲ, ಕಾಯಿಸಿದರೆ ಕರಕಾಗುತ್ತದೆ. ತಿಂದರೇ ಎಷ್ಟು ಉಪಯೋಗ ಎನ್ನುವುದು ಇನ್ನೂ ಗಟ್ಟಿಯಾಗಿ ಗೊತ್ತಿಲ್ಲ, ಸೇದಿದರೆ ಉಪಯೋಗ ಎನ್ನಲು ಆಧಾರವೇ ಇಲ್ಲ. ಕಾಣುವ ಹೊಗೆ ಗ್ಲಿಸರಿನ್ ಮತ್ತು ಗ್ಲೈಕಾಲ್ ಎಂಬ ದ್ರವಗಳದ್ದು, ಪರಿಮಳ ಬಾಟಲಿಯದ್ದು. ಅದರ ಜೊತೆಗೆ ಇನ್ನೇನು ಬೆರೆಸಿದ್ದಾರೆ ಎನ್ನುವುದು ಬೆರೆಸಿದವನಿಗೇ ಗೊತ್ತು. ಇಂಥವುಗಳಲ್ಲಿ ಹೇಳದೆ ನಿಕೋಟಿನ್ ಹಾಕುವುದುಂಟು, ಕೆಲವುಗಳಲ್ಲಿ ಕೃತಕ ಮಾದಕ ವಸ್ತುಗಳನ್ನೂ.

"ಈ ದೇಶದಲ್ಲಿ ಅದು ನಿಮ್ಮ ಮೈಯಲ್ಲಿ ಸಿಕ್ಕಿದ್ದರೆ, ನೀವು ಇವತ್ತು ಕೂತಿರುತ್ತಿದ್ದದ್ದು ನನ್ನ ಮುಂದೆ ಅಲ್ಲ," ಎಂದರು. "ಇದನ್ನು ಬಿಡಿ. ಬದಲಿಗೆ ಏನನ್ನೂ ಹಿಡಿಯಬೇಡಿ. ಕೆಲವು ವಾರ ಕಳೆದು ಮತ್ತೆ ಬನ್ನಿ. ಅಲ್ಲಿಯವರೆಗೆ ಆಪರೇಷನ್ ಇಲ್ಲ."

ಹೊರಗೆ ಕಾರಿಡಾರಿನಲ್ಲಿ ಅಕ್ಕ ಮತ್ತು ಭಾವ ಕೂತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭಾವ ಒಳ್ಳೆಯವರು, ಮಾತು ಕಡಿಮೆ. ಅವತ್ತು ಮಾತ್ರ ಅವರ ಗಂಟಲಿನ ನರ ಉಬ್ಬಿತ್ತು.

"ಬೆಂಕಿ ಇಲ್ಲದೆ ಹೊಗೆ ಆಡ್ತದಾ?" ಎಂದರು. "ಅಣಬೆಯಲ್ಲಿ ನಿಕೋಟಿನ್ ಬಂತಂತೆ! ಕೊಡ್ಲಿಕ್ಕೆ ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ ನೀನು? ಪರೀಕ್ಷೆ ಉಂಟು ಅಂತ ಗೊತ್ತಿದ್ದೂ ಸೇದುದು ಎಂತಕ್ಕೆ? ಫೇಲ್ ಆಗ್ಲಿಕ್ಕೆ ಅಲ್ಲದೆ?"

ಅಕ್ಕ ಅವರ ತೋಳು ಹಿಡಿದು ಎಳೆದಳು. "ಬಿಡಿ ಮಾರಾಯ್ರೆ, ಅವನಿಗೆ ಎಂತ ಹೇಳ್ಬೇಡಿ." ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು. ಅದನ್ನು ನೋಡಿಯೇ ನನಗೆ ಗಾಬರಿಯಾದದ್ದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಅಣಬೆಗೆ ಹೋಯಿತು, ಅದೂ ಇಲ್ಲದ ಅಣಬೆಗೆ.

ಆ ವಾರಗಳನ್ನು ಹೇಗೆ ಕಳೆದೆ ಎನ್ನುವುದು ನನಗೊಬ್ಬನಿಗೇ ಗೊತ್ತು. ಕೊಳವೆ ಬಿಟ್ಟ ಮಾರನೆಯ ದಿನದಿಂದಲೇ ತಲೆ ಸಿಡಿಯತೊಡಗಿತು. ಲಿಫ್ಟ್ ತಡವಾದರೆ ಬಾಗಿಲಿಗೆ ಒದೆಯುವಷ್ಟು ರೋಷ. ಸಿಗರೇಟು ಬಿಡಲು ಹೋದಾಗೆಲ್ಲ ಆಗುತ್ತಿದ್ದದ್ದೇ ಇದು, ಒಂದಕ್ಷರ ಬದಲಿಲ್ಲದೆ. ನಾನು ಸಿಗರೇಟು ಬಿಟ್ಟಿರಲೇ ಇಲ್ಲ. ಅದೇ ವಿಷವನ್ನು ಮಾವಿನ ಪರಿಮಳ ಹಚ್ಚಿ ನನ್ನೊಳಗೆ ತುಂಬಿದ್ದರು. ಅದಕ್ಕೇ ಅಷ್ಟು ಸುಲಭವಾಗಿ 'ಕೆಲಸ' ಮಾಡಿದ್ದು. ಕಳ್ಳಿನ ಮಡಕೆಗೆ ಎಳನೀರು ಎಂದು ಹೆಸರಿಟ್ಟು ಕುಡುಕನಿಗೆ ಕೊಟ್ಟರೆ ಅವನೂ ಕಳ್ಳು ಬಿಟ್ಟೆ ಎಂದು ಊರೆಲ್ಲ ಹೇಳಿಕೊಂಡು ಬಂದಾನು.

ಆ ಸಿಟ್ಟಿನಲ್ಲೇ ಕೊಳವೆ ಮಾರಿದವನನ್ನು ಹುಡುಕಿದೆ. ನಮ್ಮ ಪಕ್ಕದ ಟವರಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ, ಕಾರಿನ ಡಿಕ್ಕಿ ತೆರೆದು ಅದೇ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ನನ್ನನ್ನು ನೋಡಿ ಅದೇ ನಗೆ.

"ಇದರಲ್ಲಿ ನಿಕೋಟಿನ್ ಉಂಟಲ್ಲ," ಎಂದೆ.

"ಛೇ, ಇಲ್ಲ ಅಣ್ಣಾ. ಪೆಟ್ಟಿಗೆಯಲ್ಲೇ ಬರ್ದಿದಾರಲ್ಲ ಜೀರೋ ಅಂತ."

"ಬರೆದವರು ಯಾರು? ನೀನು ನೋಡಿದ್ದೀಯಾ? ಒಳಗೆ ಎಂತ ಉಂಟು ಅಂತ ನಿಂಗೆ ಗೊತ್ತುಂಟಾ?"

"ನಾನು ಮಾಡಿದ್ದಾ ಅಣ್ಣಾ ಅದು? ಎಲ್ಲಿಂದಲೋ ಬರ್ತದೆ, ನಾನು ಕೊಡ್ತೇನೆ ಅಷ್ಟೆ. ಈಗ ನೀವೇ ಹೇಳಿ, ನಿಮ್ಮ ಸಿಗರೇಟು ನಿಂತಿತಾ ಇಲ್ವಾ? ಮತ್ತೆಂತ ಮಾಡ್ಬೇಕು ಅದು?"

ಅವನ ಶರ್ಟಿನ ಕಾಲರು ನನ್ನ ಮುಷ್ಟಿಯಲ್ಲಿತ್ತು. ಹೊಡೆಯಲಿಲ್ಲ. ಹೊಡೆದರೆ ಈ ದೇಶದಲ್ಲಿ ಕೇಸು ನನ್ನ ಮೇಲೆ ಎನ್ನುವಷ್ಟು ಬುದ್ಧಿ ಉಳಿದಿತ್ತು. ನಡೆದದ್ದನ್ನೆಲ್ಲ ಹೇಳಿದೆ: ಅಕ್ಕ, ಕಿಡ್ನಿ, ಮುಂದೆ ಹೋದ ಆಪರೇಷನ್. ಅವನ ಮುಖ ಇಳಿಯಿತು.

"ನನಗೆ ಬೇರೆ ಎಂತ ಬೇಡ," ಎಂದೆ. "ನನ್ನೊಟ್ಟಿಗೆ ಬನಿಯಾಸ್‌ಗೆ ಬಾ. ಅಕ್ಕನ ಎದುರು ನಿಂತು, 'ನಾನು ಕೊಟ್ಟದ್ದರಲ್ಲಿ ಎಂತ ಇತ್ತು ಅಂತ ನನಗೇ ಗೊತ್ತಿಲ್ಲ ಅಕ್ಕ' ಅಂತ ಹೇಳು. ಅಷ್ಟೇ ಸಾಕು."

ಅವನು ಡಿಕ್ಕಿ ಮುಚ್ಚಿದ. "ಆಗುದಿಲ್ಲ ಅಣ್ಣಾ. ನಾನೇ ಬಾಯಲ್ಲಿ ಹೇಳಿದರೆ ಒಪ್ಪಿಕೊಂಡ ಹಾಗೆ ಆಗ್ತದೆ. ವೀಸಾ ಹೋಗ್ತದೆ. ನಾವು ಒಂದೇ ಊರಿನವರಲ್ವಾ, ನೀವೇ ಸ್ವಲ್ಪ ಸುಧಾರಿಸಿಕೊಳ್ಳಿ."

ಸುಧಾರಿಸಿಕೊಳ್ಳಬೇಕಂತೆ! ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ನಾನು ಅವನ ಮೇಲೆ ದೂರು ಕೊಟ್ಟೆ, ಕೊಳವೆಯನ್ನೂ ಅಧಿಕಾರಿಗಳಿಗೆ ಒಪ್ಪಿಸಿದೆ. ಅದರೊಳಗೆ ಏನಿತ್ತು ಎಂಬ ವರದಿ ಇವತ್ತಿಗೂ ನನ್ನ ಕೈಗೆ ಬಂದಿಲ್ಲ. ಸುದ್ದಿ ಹಬ್ಬಿತು. ಸಂಘದ ಹಿರಿಯರೊಬ್ಬರು ಫೋನ್ ಮಾಡಿ, "ಖಲಾಸ್, ಇಲ್ಲಿಗೇ ಬಿಟ್ಟುಬಿಡು ಮಾರಾಯ, ನಮ್ಮವನೇ ಅಲ್ವಾ, ಹೊಟ್ಟೆಪಾಡು," ಎಂದರು. ನನ್ನ ಶ್ವಾಸಕೋಶದ ಬಗ್ಗೆ, ಅಕ್ಕನ ಬಗ್ಗೆ ಒಂದು ಮಾತಿಲ್ಲ. ಮಾರನೆಯ ದಿನ ಸಂಘದ ವಾಟ್ಸಾಪ್ ಗ್ರೂಪಿನಿಂದ ತೆಗೆದುಹಾಕಿದ್ದು ನನ್ನನ್ನು, ಅವನನ್ನಲ್ಲ.

ಎರಡನೆಯ ಪರೀಕ್ಷೆಯಲ್ಲಿ ನಿಕೋಟಿನ್ನಿನ ಕುರುಹೂ ಇರಲಿಲ್ಲ. ಡಾಕ್ಟರು ನನ್ನ ಕೈಕುಲುಕಿದರು. ಆದರೆ ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. "ಒಮ್ಮೆ ನಿಮ್ಮ ಅಕ್ಕನೊಡನೆ ಮಾತಾಡಿ," ಎಂದಷ್ಟೇ ಹೇಳಿದರು. ನಾನು ಅಲ್ಲಿಂದ ನೇರ ಬನಿಯಾಸ್‌ಗೆ ಹೋದೆ.

ಮಧ್ಯಾಹ್ನದ ಹೊತ್ತು. ಅಕ್ಕ ಬಂಗುಡೆ ಮೀನಿನ ಹುಳಿ-ಖಾರದ ಸಾರು, ಪುಳಿಮುಂಚಿ, ಮಾಡಿ ಕಾದಿದ್ದಳು, ಅವಳು ತಿನ್ನುವ ಹಾಗಿಲ್ಲದ್ದನ್ನೆಲ್ಲ ನನಗಾಗಿ ಮಾಡುತ್ತಾಳೆ. ಫಲಿತಾಂಶ ಹೇಳಿದೆ. ಅವಳು ತಲೆಯಾಡಿಸಿ ನನ್ನ ತಟ್ಟೆಗೆ ಅನ್ನ ಬಡಿಸಿದಳು.

"ಒಳ್ಳೇದಾಯ್ತು. ನಿನ್ನ ಆರೋಗ್ಯಕ್ಕೆ ಒಳ್ಳೇದು. ಆದರೆ ನಾನು ಡಾಕ್ಟರಿಗೆ ಬೇಡ ಅಂತ ಹೇಳಿ ಆಯ್ತು."

"ಎಂತ ಬೇಡ?"

"ನಿನ್ನ ಕಿಡ್ನಿ. ನಂಗೆ ಮೆಷಿನ್ ಅಭ್ಯಾಸ ಆಗಿದೆ."

"ಅಕ್ಕ, ನಾನು ಸೇದಿಲ್ಲ. ಆ ದರಿದ್ರದ್ದರಲ್ಲಿ ಇತ್ತು. ಈಗ ಸಾಬೀತಾಯ್ತಲ್ಲ, ಅದನ್ನು ಬಿಟ್ಟ ಮೇಲೆ ಏನೂ ಇಲ್ಲ!"

"ಅದನ್ನು ಬಿಟ್ಟಿಯೋ, ಸಿಗರೇಟು ಬಿಟ್ಟಿಯೋ, ಪರೀಕ್ಷೆಗೆ ಗೊತ್ತಾಗ್ತದಾ?" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಹೆದರಿಕೆ ಆಗುದು ತಪ್ಪಲ್ಲ ಮಾರಾಯ. ಹೊಟ್ಟೆ ಕೊಯ್ಸಿಕೊಳ್ಳುದು ಅಂದರೆ ಸುಲಭವಾ? ನಿನ್ನ ಜಾಗದಲ್ಲಿ ನಾನಿದ್ದರೂ ಹೆದರ್ತಿದ್ದೆ. ನೀನು ಬಾಯಲ್ಲಿ ಹೇಳ್ಲಿಕ್ಕೆ ಆಗದೆ ಹಾಗೆ ಮಾಡಿದ್ದು. ನಂಗೆ ಒಂಚೂರೂ ಬೇಜಾರಿಲ್ಲ."

ನಾನು ತಟ್ಟೆ ತಳ್ಳಿ ಎದ್ದುನಿಂತೆ. "ಬೇಜಾರು ಮಾಡು! ಬೈ ನಂಗೆ! ಸುಳ್ಳ ಅಂತ ಹೇಳಿ ಹೊಡಿ ಬೇಕಾದರೆ! ಕಿಡ್ನಿ ಬೇಡ ಅಂತ ಮಾತ್ರ ಹೇಳ್ಬೇಡ!"

"ನಿಂಗೆ ಬೈಲಿಕ್ಕೆ ನಂಗೆ ಯಾವಾಗ ಬಂದಿದೆ?" ಎಂದು ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಕೂತ್ಕೋ. ಸಾರು ಆರ್ತದೆ."

ಆಮೇಲೆ ಡಾಕ್ಟರು ಹೇಳಿ ನೋಡಿದರು. ಭಾವನೂ ಹೇಳಿ ನೋಡಿದರು. ನಾನು ಕೊಟ್ಟ ದೂರಿನ ಪ್ರತಿ ನೋಡಿದ ಮೇಲೆ ಅವರು ಈಗ ನನ್ನನ್ನು ನಂಬುತ್ತಾರೆ, ಆಡಿದ ಮಾತಿಗೆ ನನ್ನ ಭುಜ ಹಿಡಿದು ಅತ್ತಿದ್ದಾರೆ. ಅಕ್ಕ ಮಾತ್ರ ಜಗ್ಗುವುದಿಲ್ಲ. ಕಿಡ್ನಿ ತೆಗೆದುಕೊಳ್ಳುವವರು ಒಪ್ಪದೆ ಯಾವ ಆಸ್ಪತ್ರೆಯೂ ಆಪರೇಷನ್ ಮಾಡುವುದಿಲ್ಲ. ಬೈದರೆ ವಾದ ಮಾಡಬಹುದು, ಅನುಮಾನಪಟ್ಟರೆ ಆಣೆ ಇಡಬಹುದು. ಮಾಡದ ತಪ್ಪನ್ನು ಮನಸಾರೆ ಕ್ಷಮಿಸಿಬಿಟ್ಟವಳ ಎದುರು ಏನು ಮಾಡುವುದೆಂದು ನನಗೆ ಯಾರೂ ಕಲಿಸಿಲ್ಲ. ನನ್ನ ಎರಡೂ ಕಿಡ್ನಿಗಳು ನನ್ನೊಳಗೇ ಇವೆ. ಅಕ್ಕ ಈಗಲೂ ವಾರಕ್ಕೆ ಮೂರು ಸಲ ಮೆಷಿನ್ನಿಗೆ ಹೋಗುತ್ತಾಳೆ, ತಮ್ಮನನ್ನು ಉಳಿಸಿದೆ ಎಂಬ ಸಮಾಧಾನದಲ್ಲಿ.