ಹಂಚಿನಾಳ ಕಾಕಾ ಕೇಳಿದ್ದು

ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್ ಬಡಾವಣೆಯ ಆ ಹಾಲ್‌ಗೆ ಯಾವ ಮಗು ಬಂದರೂ ಹಂಚಿನಾಳ ಕಾಕಾ ಬಾಗಿಲಲ್ಲೇ ನಿಂತು, "ಉಂಡಿ?" ಎಂದು ಕನ್ನಡದಲ್ಲೇ ಕೇಳುತ್ತಿದ್ದರು. ಬರುತ್ತಿದ್ದವರೆಲ್ಲ ಈಕ್ವಡಾರ್, ಕೊಲಂಬಿಯಾ, ಪೆರು ಕಡೆಯ ಮನೆಗಳ ಹದಿಹರೆಯದವರು. ಅವರ ಅಪ್ಪ ಅಮ್ಮಂದಿರು ಮೊದಲು ಸ್ಪೇನ್‌ಗೆ ಹೋಗಿ, ಅಲ್ಲಿಂದ ಕೆಲಸ ಹುಡುಕಿಕೊಂಡು ಸ್ಟುಟ್‌ಗಾರ್ಟ್‌ಗೆ ಬಂದವರು. ಮನೆಯಲ್ಲಿ ಸ್ಪ್ಯಾನಿಶ್, ಶಾಲೆಯಲ್ಲಿ ಜರ್ಮನ್ ಆಡುವ ಆ ಮಕ್ಕಳು ಕಾಕಾ ಮುಂದೆ ಮಾತ್ರ "ಉಂಡೇನ್ರಿ" ಎನ್ನುತ್ತಿದ್ದರು. ಮೊದಲ ದಿನ ಅದನ್ನು ಕೇಳಿ, ಮೈಸೂರಿನವಳಾದ ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ.

ಕಾಕಾ ಬಾಗಲಕೋಟೆ ಕಡೆಯವರು. ಸ್ಟುಟ್‌ಗಾರ್ಟ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದರು. ಮದುವೆಯಾದದ್ದು ಈಕ್ವಡಾರ್‌ನ ನರ್ಸ್ ಎಲೆನಾ ಅವರನ್ನು. ತನ್ನೂರಿನ ಕಡೆಯ ಮಕ್ಕಳು ಇಲ್ಲಿ ಒಂಟಿಯಾಗಬಾರದೆಂದು ಈ ಶನಿವಾರದ ಕ್ಲಬ್ಬನ್ನು ಶುರು ಮಾಡಿದ್ದು ಎಲೆನಾ. ನಾನು ಹೋಗುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕಾಕಾ ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಯಾರಿಗೆ ಗಣಿತ ಬರುವುದಿಲ್ಲ, ಯಾರ ಅಮ್ಮನಿಗೆ ಹೊಸ ಮನೆ ಬೇಕು, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಮಗಳು ಲೂಸಿಯಾಗೆ ಆಗ ಹದಿನೈದು. ಹಾಲ್‌ನ ಕೊನೆಯ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಒಂದೇ ಪದದ ಉತ್ತರ.

ನಾನು ಅಲ್ಲಿಗೆ ಹೋದದ್ದು ನನ್ನ ಕೆಲಸಕ್ಕೆ. ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡದಲ್ಲಿದ್ದೆ. ಹದಿಹರೆಯದವರಲ್ಲಿ ಏನು ಕೆಟ್ಟಿದೆ ಎಂದು ಹುಡುಕುವ ಬದಲು ಏನು ಚೆನ್ನಾಗಿ ಬೆಳೆಯುತ್ತಿದೆ ಎಂದು ನೋಡುವುದು ನಮ್ಮ ವಿಷಯ. ಸಾಮರ್ಥ್ಯ, ಆತ್ಮವಿಶ್ವಾಸ, ಸಂಬಂಧ, ನಡತೆ, ಕಾಳಜಿ, ಈ ಐದನ್ನು ಅಳೆಯಲು ಒಂದು ಪ್ರಶ್ನಾವಳಿ ಇತ್ತು. ಅದು ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳ ಬದುಕಿಗೆ ಹೊಂದುತ್ತದೆಯೇ ಎಂದು ನಾನು ಪರೀಕ್ಷಿಸಬೇಕಿತ್ತು. ಮನೆ ಮನೆಗೆ ಹೋಗಿ ತಂದೆ ತಾಯಿಯರ ಒಪ್ಪಿಗೆಯ ಸಹಿ ತಂದುಕೊಟ್ಟವರು ಕಾಕಾ. ಅವರಿಲ್ಲದಿದ್ದರೆ ನನಗೆ ಹತ್ತು ಮಕ್ಕಳೂ ಸಿಗುತ್ತಿರಲಿಲ್ಲ.

ಹಾಳೆ ಹಂಚಿದ ದಿನ ಕಮಿಲಾ ಎಂಬ ಹುಡುಗಿ ಕೈ ಎತ್ತಿದಳು. "'ನಾನು ಮನೆಯವರಿಗೆ ನೆರವಾಗುತ್ತೇನೆ' ಅಂತಿದೆ. ಅಮ್ಮನ ಜೊತೆ ಆಫೀಸುಗಳಿಗೆ ಹೋಗಿ ಅವರು ಹೇಳೋದನ್ನೆಲ್ಲ ಸ್ಪ್ಯಾನಿಶ್‌ಗೆ ತಿರುಗಿಸಿ ಹೇಳ್ತೀನಿ. ಅದೂ ಲೆಕ್ಕಕ್ಕೆ ಬರುತ್ತಾ?"

ಬರುತ್ತದೆ ಎಂದೆ. ಕಾಕಾ ನನ್ನ ಪಕ್ಕಕ್ಕೆ ಬಂದು ಹಾಳೆಯ ಮೇಲೆ ಕಣ್ಣಾಡಿಸಿದರು.

"ಅದಕ್ಕ ಎಷ್ಟು ಮಾರ್ಕ್ಸ್ ಕೊಡ್ತೀ ತಂಗಿ?"

"ಮಾರ್ಕ್ಸ್ ಅಲ್ಲ ಕಾಕಾ, ಅಳತೆ."

"ಅಳತಿ ಅಂದ್ರ ನನಗ ಗೊತ್ತೈತಿ. ಪಾರ್ಟು ಬಿಸಿ ಇದ್ದಾಗ ಅಳದ್ರ ಸುಳ್ಳ ಹೇಳತೈತಿ. ತಣ್ಣಗಾಗೂತನಾ ಕಾಯಬೇಕು. ಈ ಹುಡುಗ್ರು ಇನ್ನೂ ಬಿಸಿ ಅದಾರ. ಒಂದ್ಸಲ ಅಳದು ಹೋಗಬ್ಯಾಡ, ಬರತಿರು."

ನಾನು ನಕ್ಕು ತಲೆಯಾಡಿಸಿದೆ.

ಹಾಳೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಕೊನೆಯ ಪ್ರಶ್ನೆಗೆ ಸ್ವಂತ ಮಾತಲ್ಲಿ ಉತ್ತರ ಬರೆಯಬೇಕಿತ್ತು: ನಿನಗೆ ಏನಾದರೂ ಒಳ್ಳೆಯದಾದಾಗ ಮೊದಲು ಯಾರಿಗೆ ಹೇಳುತ್ತೀ? ಹೆಚ್ಚಿನವರು ಅಮ್ಮ, ಅಜ್ಜಿ, ಗೆಳತಿ ಎಂದು ಬರೆದಿದ್ದರು. ಒಂದು ಹಾಳೆಯಲ್ಲಿ ಪುಟ್ಟ ಅಕ್ಷರಗಳಲ್ಲಿ ಹೀಗಿತ್ತು: "ಯಾರಿಗೂ ಇಲ್ಲ. ಅಪ್ಪನಿಗೆ ಹೇಳಬಹುದಿತ್ತು. ಆದರೆ ಇಲ್ಲಿ ಎಲ್ಲರೂ ಅವರ ಮಕ್ಕಳೇ. ನನ್ನ ಸರದಿ ಬರುವಷ್ಟರಲ್ಲಿ ಅವರಿಗೆ ಸುಸ್ತಾಗಿರುತ್ತದೆ."

ಹಾಗೆ ಬರೆಯಬಲ್ಲ ಮಗು ಆ ಹಾಲ್‌ನಲ್ಲಿ ಒಂದೇ ಇತ್ತು.

ಎರಡು ವಾರದ ನಂತರ ಹಾಲ್‌ನ ಅಡುಗೆಮನೆಯಲ್ಲಿ ಕಾಕಾ ಕಪ್ ತೊಳೆಯುತ್ತಿದ್ದರು, ನಾನು ಒರೆಸುತ್ತಿದ್ದೆ. ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ನಮ್ಮ ಲೂಸಿಯಾಂದು ಹೆಂಗ ಬಂದೈತಿ?"

"ಒಬ್ಬೊಬ್ಬರದು ಹೇಳೋ ಹಾಗಿಲ್ಲ ಕಾಕಾ. ಹೆಸರೂ ಇರಲ್ಲ."

"ಅದು ಬರೋಬ್ಬರಿ. ಆದ್ರೂ ಆರಾಮ ಅದಾಳೋ ಇಲ್ಲೋ, ಅಷ್ಟ ಹೇಳು. ಅವರವ್ವ ಇದ್ದಿದ್ರ ಮುಖಾ ನೋಡೇ ತಿಳ್ಕೋತಿದ್ಲು. ನನಗ ತಿಳಿವಲ್ದು."

ಆ ಪುಟ್ಟ ಅಕ್ಷರಗಳು ಕಣ್ಣಮುಂದೆ ಬಂದವು. ನಿಯಮವೂ ನೆನಪಾಯಿತು. ಆಗ ನನ್ನ ಬಾಯಿಂದ ಬಂದದ್ದು, "ಒಟ್ಟಾರೆ ತುಂಬ ಚೆನ್ನಾಗಿದೆ ಕಾಕಾ. ನಿಮ್ಮ ಕ್ಲಬ್‌ನ ಸರಾಸರಿ ಬೇರೆ ಕಡೆಗಿಂತ ಮೇಲಿದೆ."

ಅವರು ತಿರುಗಿ ನೋಡಿದರು. ಮುಖ ಅರಳಿತ್ತು. "ಹಂಗಾದ್ರ ಛಲೋ ಆತು. ಎಲೆನಾ ಮಾಡಿದ್ದು ಸುಳ್ಳಾಗ್ಲಿಲ್ಲ."

ಆ ಖುಷಿಯಲ್ಲೇ ಮುಂದಿನ ತಿಂಗಳಿಂದ ಬುಧವಾರ ಸಂಜೆಯೂ ಹೋಮ್‌ವರ್ಕ್‌ಗೆಂದು ಹಾಲ್ ತೆರೆದರು. ನಾನು ವರದಿ ಬರೆದು ಮುಗಿಸಿದೆ. ಆಮೇಲೆ ಹೈಲ್‌ಬ್ರಾನ್ ಊರಿನ ಒಂದು ಶಾಲೆ, ಮತ್ತೊಂದು ಪ್ರಶ್ನಾವಳಿ. ಫೊಯರ್‌ಬಾಕ್‌ಗೆ ಹೋಗುವುದು ನಿಂತಿತು.

ಮುಂದಿನ ಬೇಸಿಗೆಯಲ್ಲಿ ಲೂಸಿಯಾ ಮ್ಯಾಡ್ರಿಡ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ರಜೆಗೆ ಹೋದಳು. ಇನ್ನು ಅಲ್ಲೇ ಓದುತ್ತೇನೆ, ಬರುವುದಿಲ್ಲ ಎಂದು ಫೋನ್‌ನಲ್ಲಿ ಹೇಳಿದಳಂತೆ. ಕಾಕಾ ಮೂರು ಸಲ ಹೋಗಿ ಕರೆದರು. ನಾಲ್ಕನೆಯ ಸಲ ಕರೆಯಲಿಲ್ಲ, ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು. ಅವರು ಹೋದ ಮೇಲೆ ಕ್ಲಬ್ ಎರಡು ತಿಂಗಳೂ ನಡೆಯಲಿಲ್ಲ.

ಮ್ಯಾಡ್ರಿಡ್‌ಗೆ ಹೊರಡುವ ಹಿಂದಿನ ದಿನ ನನಗೆ ಫೋನ್ ಮಾಡಿದ್ದರು, ಹೋದೆ. ಹಾಲ್‌ನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಸ್ವಲ್ಪ ಇಳಿದುಹೋಗಿದ್ದರು. ನನಗೆ ಚಹಾ ಕೊಟ್ಟು ಎದುರಿಗೆ ಕೂತರು.

"ನಿನ್ನ ಹಾಳ್ಯಾಗ ಇತ್ತೇನು ತಂಗಿ, ಹಿಂಗ ಆಗತೈತಿ ಅಂತ?"

ನಾನು ಕಪ್ ನೋಡುತ್ತಾ ಕೂತೆ. ಒಂದು ವರ್ಷದಿಂದ ನನ್ನೊಳಗೆ ಒಂದು ಮಾತು ತಿರುಗುತ್ತಿತ್ತು. ಯಾವ ನಿಯಮವನ್ನೂ ಮುರಿಯದೆ ಅವತ್ತು ಅಡುಗೆಮನೆಯಲ್ಲೇ ಹೇಳಬಹುದಾಗಿದ್ದ ಮಾತು: ಕಾಕಾ, ಈ ಶನಿವಾರ ಹಾಲ್ ತೆರೆಯಬೇಡಿ, ಮಗಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ಬನ್ನಿ. ಅದನ್ನು ಅವತ್ತು ಹೇಳಲಿಲ್ಲ, ಈಗ ಹೇಳಿ ಪ್ರಯೋಜನವಿರಲಿಲ್ಲ.

ಕಾಕಾ ನನ್ನ ಕೈ ತಟ್ಟಿದರು.

"ಇರ್ಲಿ ಬಿಡು. ಆಕೀನ್ನ ಕೇಳಬೇಕಿತ್ತು ನಾನು. ನಿನ್ನ ಕೇಳಿದೆ."

ತಪ್ಪನ್ನೆಲ್ಲ ತಾವೊಬ್ಬರೇ ಹೊತ್ತುಕೊಂಡು ಎದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ.