ತೆರೆಯ ಮೇಲೆ ಬಾಗಿದ ಸೇತುವೆ

ಹೈದರಾಬಾದು ಆಗಿನ್ನೂ ಆಂಧ್ರದ ರಾಜಧಾನಿ, ಮೂಲೆ ಮೂಲೆಯಲ್ಲೂ ಫ್ಲೈಓವರ್ ಏಳುತ್ತಿದ್ದ ಕಾಲ. ನಾಚಾರಂನಲ್ಲಿ ಸೇತುವೆಗಳ ವಿನ್ಯಾಸ ಮಾಡುವ ಸಣ್ಣ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕುಷಾಯಿಗೂಡದ ಕಾರ್ಖಾನೆಯಲ್ಲಿದ್ದ ಅಪ್ಪನಿಗೆ ಕಂಪ್ಯೂಟರ್ ಹೊಸದೇನಲ್ಲ. ಮಗಳು ಅದರೊಳಗೆ ಸೇತುವೆ ಕಟ್ಟುತ್ತಾಳೆಂಬುದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಸ್ಕೂಟರ್ ಹತ್ತಿ ನೋಡಲು ಬಂದೇಬಿಟ್ಟರು.

ನಾನೋ, ಉಮೇದಿನಲ್ಲಿ ನನ್ನ ಮೊದಲ ಸೇತುವೆಯ ಮಾದರಿ ತೆರೆದು ಅದರ ಮೇಲೆ ಲಾರಿ ಓಡಿಸಿದೆ. ಸೇತುವೆ ಒದ್ದೆ ಸೀರೆ ಹಾಕಿದ ಹಗ್ಗದ ಹಾಗೆ ಜೋತುಬಿತ್ತು. ಬಾಗುವುದು ಕಣ್ಣಿಗೆ ಕಾಣಲೆಂದು ಪ್ರೋಗ್ರಾಮು ಅದನ್ನು ನೂರಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ನಮಗದು ರೂಢಿ. ಅಪ್ಪನ ಮುಖ ಬಿಳಿಚಿಕೊಂಡಿತು. ಸಮಾಧಾನಕ್ಕೆಂದು ಇನ್ನೊಂದು ತೋರಿಸಿದೆ: ಹಳೆಯ ಸೇತುವೆಗಳ ಅಳತೆ ನೋಡಿ ನೋಡಿ ತಾನೇ ಕಲಿತು, ಹೊಸದು ಎಷ್ಟು ಬಾಗೀತೆಂದು ಊಹಿಸುವ ಕೃತಕ ಬುದ್ಧಿಯ ಪ್ರೋಗ್ರಾಮು. ಅದರ ಉತ್ತರವೂ ನನ್ನ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಇತ್ತು.

"ಇನ್ನೂ ಕಲ್ಯಾಕತ್ತೈತಿ ಅಂದ್ರ ತಪ್ಪೂ ಮಾಡತೈತಿ," ಅಂದರು ಅಪ್ಪ.

ಮನೆಗೆ ಬಂದ ಮೇಲೆ ಶುರುವಾಯಿತು. ಸೇತುವೆ ಬಿದ್ದರೆ ನನ್ನನ್ನೇ ಹಿಡಿಯುತ್ತಾರಂತೆ. ಈ ಕೆಲಸ ಬಿಟ್ಟು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಕಲಿಸಬೇಕಂತೆ. ಅವ್ವನನ್ನೂ ತಮ್ಮ ಕಡೆ ಮಾಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅದು ಹಿಗ್ಗಿಸಿದ ಚಿತ್ರವೆಂದು ಕಾಗದದ ಮೇಲೆ ಬಿಡಿಸಿ ತೋರಿಸಿದೆ, ಜಗಳ ಆಡಿದೆ, ಊಟ ಬಿಟ್ಟೆ. ಊಟ ಬಿಟ್ಟದ್ದು ಒಂದೇ ಹೊತ್ತು ಅನ್ನಿ. ರಾತ್ರಿಗೆ ಅವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು. ಕೊನೆಗೆ, ಕಟ್ಟಿದ ಸೇತುವೆಯ ಮೇಲೆ ಭಾರ ಹೇರಿ ಪರೀಕ್ಷೆ ಮಾಡುವ ತನಕ ಕಾಯಲು ಅಪ್ಪ ಒಪ್ಪಿದರು.

ಆ ದಿನ ಮರಳು ತುಂಬಿದ ಲಾರಿಗಳು ಒಂದೊಂದಾಗಿ ಸೇತುವೆಯ ಮೇಲೆ ಬಂದು ನಿಂತವು. ಎಷ್ಟು ಬಾಗಿತೆಂದು ತೋರಿಸುವ ಮಾಪಕ ಸೇತುವೆಯ ಕೆಳಗೆ, ಅದರ ಮುಳ್ಳು ಓದುವವಳು ನಾನು. ಅಪ್ಪನನ್ನು ರಸ್ತೆಯಾಚೆಯ ಚಹಾ ಅಂಗಡಿಯಲ್ಲಿ ಕೂಡಿಸಿ ಬಂದಿದ್ದೆ. ಕೊನೆಯ ಲಾರಿ ಏರುವಾಗ ತಿರುಗಿ ನೋಡಿದರೆ ನನ್ನ ಪಕ್ಕದಲ್ಲೇ ನಿಂತಿದ್ದಾರೆ! ಕಾವಲಿನವನಿಗೆ ತೆಲುಗಿನಲ್ಲಿ ಅದೇನು ಹೇಳಿ ಒಳಗೆ ನುಸುಳಿದರೋ.

ಮುಳ್ಳು ನನ್ನ ಲೆಕ್ಕದಷ್ಟೇ ಸರಿದು ನಿಂತಿತು. ಅಪ್ಪ ಅದರ ಕಡೆ ನೋಡಲೇ ಇಲ್ಲ. ಕತ್ತೆತ್ತಿ ಮೇಲೆಯೇ ನೋಡುತ್ತಿದ್ದರು. ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಿದ್ದರು.

ಕೋಚಿಂಗ್ ಸೆಂಟರಿನ ಮಾತು ಮುಂದೆ ಮನೆಯಲ್ಲಿ ಏಳಲೇ ಇಲ್ಲ. ಅವತ್ತು ಸ್ಕೂಟರಿನ ಹಿಂದೆ ಕೂತು, ಗೆದ್ದ ಗತ್ತಿನಲ್ಲಿ ನಾನೇ ಕೆಣಕಿದೆ.

"ಈಗರ ನಂಬಿಕಿ ಬಂತೇನ್ರಿ ಅಪ್ಪಾ?"

"ಇಲ್ಲವ್ವಾ. ನೀ ಒಬ್ಬಾಕಿನ ಅದರ ಕೆಳಗ ನಿಂತಿದ್ದಿ, ಅದಕ್ಕ ಬಂದ್ನಿ."