ಮೊದಲ ಬಟ್ಟಲು

ಗೇಶೆಯ ಮೊಳಕೆಕಾಳಿನ ಶೆಡ್ಡಿನಲ್ಲಿ ನನ್ನದು ಪ್ಯಾಕಿಂಗ್ ಕೆಲಸ. ಇಡೀ ಡ್ರೆಂಟೆ ಪ್ರಾಂತ್ಯದಲ್ಲಿ ಅವಳಷ್ಟು ಹಟಮಾರಿಯನ್ನು ನಾನಂತೂ ಕಂಡಿಲ್ಲ. ಕಾಳು ಮೊಳೆಯುವ ತೊಟ್ಟಿಯ ನೀರಿನ ಪರೀಕ್ಷೆ ಮುಗಿದು ಲ್ಯಾಬಿನವರು ಸರಿ ಅನ್ನುವವರೆಗೆ ಒಂದು ಡಬ್ಬಿಯೂ ಲಾರಿ ಹತ್ತುವಂತಿಲ್ಲ. ಡ್ರೈವರ್ ಗೊಣಗಿದರೆ, "ಅವಸರ ಇದ್ರೆ ಹೋಗಿ ಹುಲ್ಲು ತುಂಬ್ಕೊ" ಅನ್ನುತ್ತಾಳೆ.

ಅಂಥವಳು ಅಪ್ಪನ ಕಾಲದ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ತೊಟ್ಟಿಯ ಮೊದಲ ಬಟ್ಟಲು ಮನೆಯವರಿಗೆ, ಅದೂ ಅಪ್ಪನ ಹಳೇ ಬಟ್ಟಲಿನಲ್ಲೇ. ನಾವು ತಿನ್ನದ್ದನ್ನು ಊರಿಗೆ ಮಾರಬಾರದು ಅನ್ನುವ ಹೆಮ್ಮೆ. ಆ ಬಟ್ಟಲು ಮಾತ್ರ ಲ್ಯಾಬಿನ ಉತ್ತರಕ್ಕೂ ಕಾಯುತ್ತಿರಲಿಲ್ಲ. ಮಗಳು ಫೆಮ್ಮಿ ಮದುವೆಯಾದ ಮೇಲೆ ಬಟ್ಟಲು ಅವಳ ಮನೆಗೆ ಹೋಗುತ್ತಿತ್ತು, ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಹಸಿಯಾಗಿಯೇ ಹಾಕಿಕೊಂಡು ತಿನ್ನಲೆಂದು. ಈಗ ಫೆಮ್ಮಿ ತುಂಬು ಗರ್ಭಿಣಿ.

"ತಲೆ ಕೆಟ್ಟಿದ್ಯಾ ನಿಂಗೆ? ಪೇಟೆಗೊಂದು ನ್ಯಾಯ, ಮಗಳಿಗೊಂದು ನ್ಯಾಯವಾ?" ಎಂದು ರೇಗಿದ್ದೆ.

"ನಾನೂ ಅಮ್ಮನ ಹೊಟ್ಟೇಲಿದ್ದಾಗ್ಲೇ ಇದನ್ನ ತಿಂದವಳು. ಡಬ್ಬಿ ಮುಚ್ಚು, ಹಾಗೇ ಬಾಯೂ ಮುಚ್ಚು," ಅಂದಿದ್ದಳು.

ಮೊನ್ನೆ ತಪಾಸಣೆಗೆ ಬಂದ ಹೆಂಗಸು ಶೆಡ್ಡಿನಲ್ಲಿದ್ದಾಗಲೇ ಲ್ಯಾಬಿನಿಂದ ಫೋನು ಬಂತು. ನೀರಿನಲ್ಲಿ ಲಿಸ್ಟೀರಿಯಾ ಅನ್ನುವ ರೋಗಾಣು. ಅದು ಬಸುರಿಯರ ಹೊಟ್ಟೆಯ ಕೂಸನ್ನೇ ಕೊಲ್ಲಬಹುದೆಂದು ನಮ್ಮ ಗೋಡೆಯ ಮೇಲೆಯೇ ಬರೆದು ಅಂಟಿಸಿದೆ.

ಆಕೆ ತೊಟ್ಟಿಗಳಿಗೆ ಸೀಲು ಹಾಕುತ್ತ, "ಸದ್ಯ, ಏನೂ ಹೊರಗೆ ಹೋಗಿಲ್ವಲ್ಲ. ನಿಮ್ಮಂಥವರು ಎಲ್ಲಾ ಕಡೆ ಇರ್ಬೇಕು," ಅಂದಳು.

"ಹೋಗಿದೆ," ಅಂದಳು ಗೇಶೆ. "ಒಂದು ಬಟ್ಟಲು. ನನ್ನ ಬಸುರಿ ಮಗಳಿಗೆ. ನಾನೇ ಕೊಟ್ಟೆ."

ಫೆಮ್ಮಿ ಫೋನು ಎತ್ತಲಿಲ್ಲ. ಗೇಶೆ ತೊಟ್ಟಿಗಳ ನಡುವೆ ಅತ್ತಿಂದಿತ್ತ ಓಡಾಡಿದಳು, ಮತ್ತೆ ಮಾಡಿದಳು, ಸೈಕಲ್ಲಿನ ಬೀಗದ ಕೈಗೆ ತಡಕಾಡಿದಳು. ಕೊನೆಗೂ ಸ್ಪೀಕರಿನಲ್ಲಿ ಫೆಮ್ಮಿಯ ದನಿ ಬಂತು. ಗೇಶೆ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಅಮ್ಮ, ಬೈಬೇಡ. ನಾನು ತಿಂದಿಲ್ಲ. ಹಸೀದು ಮುಟ್ಲೇಬೇಡ ಅಂದಿದ್ಲು ಸೂಲಗಿತ್ತಿ. ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ. ಕೋಳಿಗೆ ಹಾಕ್ತಿದ್ದೆ."

"ಎಲ್ಲಾ ಬಟ್ಟಲೂ?"

"ಬಸುರಾದಾಗಿಂದ ಎಲ್ಲಾನೂ."

ಗೇಶೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು. ಈಗ ಬೈಗುಳ ಶುರುವಾಗುತ್ತದೆ ಅಂದುಕೊಂಡೆ. "ಬದುಕಿಸ್ದೆ ಕಣೇ," ಎಂದು ಗಳಗಳನೆ ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು:

"ತಾತನ ಬಟ್ಟಲು ವಾಪಸ್ ಕಳಿಸ್ಬೇಡ. ಕೋಳಿ ನೀರು ಕುಡಿಯೋಕೆ ಅಲ್ಲೇ ಇರ್ಲಿ."